ಕಲ್ಯಾಣದಲ್ಲಿ ಇಳಿಯದವರು

ಸಾರಿಗೆ ಯೋಜನೆಯ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ಒಮ್ಮೊಮ್ಮೆ ಡೊಂಬಿವಲಿಯ ನಮ್ಮ ಮನೆಗೆ ಬರುತ್ತಾರೆ. ಯಾವ ಸಾಫ್ಟ್‌ವೇರ್ ಕಲಿಯಬೇಕು ಎಂದು ಕೇಳುತ್ತಾರೆ. ನಾನು ಮೊದಲು ಅವರ ಚಪ್ಪಲಿ ನೋಡುತ್ತೇನೆ. ಸವೆದಿದ್ದರೆ ಚಹಾ ಕೊಡುತ್ತೇನೆ, ಹೊಳೆಯುತ್ತಿದ್ದರೆ ಉಪದೇಶ ಕೊಡುತ್ತೇನೆ. ಇತ್ತೀಚೆಗೆ ನಮ್ಮ ಮನೆಯಲ್ಲಿ ಚಹಾಪುಡಿ ಬಹಳ ಉಳಿಯುತ್ತಿದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ.

ನಾನು ಕೆಲಸ ಮಾಡಿದ್ದು ನೆರೂಳದ ಒಂದು ಸಣ್ಣ ಖಾಸಗಿ ಕಚೇರಿಯಲ್ಲಿ. ಬೆಳೆಯುತ್ತಿರುವ ಊರುಗಳಿಗೆ ಮುಂದೆ ಎಲ್ಲಿ ರಸ್ತೆ ಬೇಕು, ಎಲ್ಲಿ ಬಸ್ ನಿಲ್ದಾಣ ಬೇಕು, ಎಲ್ಲಿ ಸೇತುವೆ ಬೇಕು ಎಂದು ನಕ್ಷೆ ಮಾಡಿಕೊಡುವುದು ನಮ್ಮ ಕೆಲಸ. ಮುಂದಾಗುವುದನ್ನು ಹೇಳುವುದು ಜ್ಯೋತಿಷಿಗಳ ಕಸುಬು ಕೂಡ ಹೌದು. ಆದರೆ ಜ್ಯೋತಿಷಿ ತಪ್ಪಿದರೆ ಯಾರ ಗೋಡೆಯೂ ಬೀಳುವುದಿಲ್ಲ. ನಾವು ತಪ್ಪಿದರೆ ಬೀಳುತ್ತದೆ, ಮತ್ತು ಆ ಗೋಡೆಯ ಹಿಂದೆ ಯಾರದೋ ಒಲೆ ಉರಿಯುತ್ತಿರುತ್ತದೆ.

ನಮ್ಮ ಕಚೇರಿಯ ಮುಖ್ಯಸ್ಥರು ಕುಲಕರ್ಣಿ ಸಾಹೇಬರು, ಧಾರವಾಡದ ಕಡೆಯವರು. ಮೂಗಿನ ತುದಿಯಲ್ಲೇ ಸಿಟ್ಟು. ಥಾಣೆಗೆ ನಾವು ಮಾಡಿದ ಮೊದಲ ನಕ್ಷೆಯಲ್ಲಿ ಒಂದು ಕಡೆ ಬೆರಳಿಟ್ಟು, "ಇಲ್ಲಿ ಏನದ?" ಎಂದರು. ಖಾಲಿ ಜಾಗ ಎಂದೆವು. "ಹೋಗಿ ನೋಡಿಕೊಂಡು ಬರ್ರಿ" ಎಂದರು. ಹೋಗಿ ನೋಡಿದರೆ ಅದು ವಾರ್ಡಿನ ಗಣಪತಿಗಳನ್ನೆಲ್ಲ ಬಿಡುವ ಕೆರೆ. ಬೇಸಿಗೆಯಲ್ಲಿ ಅದರ ಒಂದು ಮಗ್ಗುಲು ಒಣಗಿ, ಆಕಾಶದಿಂದ ತೆಗೆದ ಚಿತ್ರದಲ್ಲಿ ಬಯಲಿನಂತೆ ಕಂಡಿತ್ತು. ಗಣಪತಿಯ ತಲೆಯ ಮೇಲೆ ಬಸ್ ನಿಲ್ಲಿಸಲು ಹೊರಟವರು ಎಂದು ಸಾಹೇಬರು ಬಹಳ ಕಾಲ ನಮ್ಮನ್ನು ಚುಚ್ಚುತ್ತಿದ್ದರು.

ಆಮೇಲೆ ಕಾಮೋಠೆ. ಅಲ್ಲಿ ಶೇರ್ ರಿಕ್ಷಾಗಳಿಗೆ ಶಾಸ್ತ್ರೋಕ್ತವಾಗಿ ಒಂದು ಸ್ಟ್ಯಾಂಡ್ ಹಾಕಿಕೊಟ್ಟೆವು. ಗೆರೆ ಬಳಿದಾಯಿತು, ಫಲಕ ನೆಟ್ಟಾಯಿತು. ರಿಕ್ಷಾದವರು ಒಂದು ವಾರ ನಮ್ಮ ಮರ್ಯಾದೆ ಕಾಪಾಡಿ, ಆಮೇಲೆ ರಸ್ತೆಯಾಚೆ ಮರದ ನೆರಳಿಗೆ ಹೋದರು. ಕೊನೆಗೆ ನಾವು ನಕ್ಷೆಯಲ್ಲಿ ಸ್ಟ್ಯಾಂಡನ್ನೇ ಮರದ ಕೆಳಗೆ ತಂದು, 'ಪರಿಷ್ಕೃತ' ಎಂದು ಬರೆದು ಕೊಟ್ಟೆವು.

ನಾನು ಸೇರಿದಾಗ ಜನರನ್ನು ಎಣಿಸಲು ಕಾಲೇಜು ಹುಡುಗರು ಪೆನ್ಸಿಲ್ ಹಿಡಿದು ರಸ್ತೆಯ ಅಂಚಿನಲ್ಲಿ ಕೂರುತ್ತಿದ್ದರು. ಬಿಸಿಲೇರಿದಾಗ ಅವರು ಕಣ್ಣು ಮುಚ್ಚಿಕೊಂಡು ಎಣಿಸುತ್ತಾರೆ ಎಂಬುದು ನಮಗೆಲ್ಲ ಗೊತ್ತಿತ್ತು. ಆಮೇಲೆ ಕ್ಯಾಮೆರಾ ಬಂತು. ಕ್ಯಾಮೆರಾ ಕಣ್ಣು ಮುಚ್ಚುವುದಿಲ್ಲ, ಅದಕ್ಕೇ ಅದು ಹೇಳಿದ್ದನ್ನು ಯಾರೂ ಪ್ರಶ್ನಿಸುವುದಿಲ್ಲ. ನಾನು ಬರೆಯಲು ಕುಳಿತದ್ದು ಅಂಥ ಒಂದು ಎಣಿಕೆಯ ಬಗ್ಗೆ.

ಡೊಂಬಿವಲಿ ಸ್ಟೇಷನ್ನಿನ ಪೂರ್ವದ ಕಡೆಗೆ ರಸ್ತೆ ಮತ್ತು ಬಸ್ಸಿನ ಯೋಜನೆ ಮಾಡುವ ಕೆಲಸ ನಮ್ಮ ಕಚೇರಿಗೆ ಬಂತು. ನಾನು ಆಗ ಪನ್ವೇಲ್ ಕಡೆಯ ಕೆಲಸದಲ್ಲಿದ್ದೆ. ಡೊಂಬಿವಲಿಯದನ್ನು ನೋಡಿಕೊಂಡವಳು ಸ್ನೇಹಲ್ ಶೆಟ್ಟಿ ಎಂಬ ಚುರುಕು ಹುಡುಗಿ. ಹುಟ್ಟಿ ಬೆಳೆದದ್ದು ಕಾಮೋಠೆಯಲ್ಲಿ, ತಂದೆತಾಯಿ ದಕ್ಷಿಣ ಕನ್ನಡದವರು. ನಾನು ಕನ್ನಡದಲ್ಲಿ ಮಾತಾಡಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು. ಎಣಿಕೆಯನ್ನು ಬೇರೆ ಊರಿನ ಒಂದು ಕಂಪನಿಗೆ ವಹಿಸಿದ್ದರು.

ಒಂದು ದಿನ ವಿಠಲ ಮಾವನ ಫೋನ್ ಬಂತು. ವಿಠಲ ಮಾವ ನನ್ನ ತಾಯಿಯ ತಮ್ಮ. ಡೊಂಬಿವಲಿ ಸ್ಟೇಷನ್ನಿನ ಒಂದು ತುದಿ ಮುಂಬಯಿಯ ಕಡೆಗೆ, ಇನ್ನೊಂದು ಅದಕ್ಕೆ ವಿರುದ್ಧವಾಗಿ ಎರಡನೆಯ ಸ್ಟೇಷನ್ನಾದ ಕಲ್ಯಾಣದ ಕಡೆಗೆ. ಆ ಕಲ್ಯಾಣದ ಕಡೆಯ ತುದಿಯಲ್ಲಿ, ಪೂರ್ವದ ಓಣಿಯೊಂದರಲ್ಲಿ ಅವರ ಶಾಕಾಹಾರಿ ಹೋಟೆಲು. ಕೆಳಗೆ ಹೋಟೆಲು, ಮೇಲೆ ಮನೆ. ಉಡುಪಿಯಿಂದ ಓದಲೆಂದು ಬಂದ ನಾನು ಕೆಲಸ ಸಿಗುವವರೆಗೂ ಇದ್ದದ್ದು ಆ ಮೇಲಿನ ಮನೆಯಲ್ಲಿ. ನನಗೆ ಅನ್ನ ಹಾಕಿದವರು ಮಾವನ ಹೆಂಡತಿ, ನಮ್ಮ ಮಾಮಿ. ಜ್ವರ ಬಂದರೆ ಗಂಜಿ, ಪರೀಕ್ಷೆ ಇದ್ದರೆ ಎರಡನೆಯ ಲೋಟ ಕಾಫಿ, ಅಡ್ಡ ಮಾತಾಡಿದರೆ ಸೌಟಿನ ಪೆಟ್ಟು. ನಮ್ಮ ಅಮ್ಮನಿಗಿಂತ ಹೆಚ್ಚು ದಿನ ನನ್ನನ್ನು ನೋಡಿಕೊಂಡವರು ಅವರೇ.

"ಸುಧಾಕರ, ನಿಮ್ಮ ಆಫೀಸಿನವರು ನಮ್ಮ ಹೋಟೆಲಿನ ಮೇಲೆ ಬಸ್ ಓಡಿಸ್ತಾರಂತೆ. ಹೌದಾ?" ಎಂದರು ಮಾವ.

"ನಂಗೆ ಗೊತ್ತಿಲ್ಲ ಮಾವ. ಕೇಳಿ ನೋಡ್ತೇನೆ."

"ಕೇಳುದೆಂತ ಮಾರಾಯ? ಗೆರೆ ಎಳೆಯುವವರು ನೀವೇ ಅಲ್ವಾ? ಸ್ವಲ್ಪ ಆಚೆ ಎಳಿ."

ಕಚೇರಿಯಲ್ಲಿ ನಕ್ಷೆ ನೋಡಿದೆ. ನಿಜವೇ. ಡೊಂಬಿವಲಿಯಿಂದ ಕಲ್ಯಾಣಕ್ಕೆ ನೇರ ಬಸ್ ಬಿಡಲು ಸ್ಟೇಷನ್ನಿನ ಆ ತುದಿಯಲ್ಲಿ ಒಂದು ಬಸ್ ನಿಲ್ದಾಣ, ಅದಕ್ಕೊಂದು ಅಗಲದ ರಸ್ತೆ. ಆ ರಸ್ತೆ ಮಾವನ ಅಡುಗೆಮನೆಯ ಮಧ್ಯದಿಂದ ಹೋಗುತ್ತಿತ್ತು. ಹೋಟೆಲಿನ ಮುಂಭಾಗ ಮಾತ್ರವಲ್ಲ, ಮೇಲಿನ ಮನೆಯೂ ಸೇರಿ ಪೂರ್ತಿ ಕಟ್ಟಡ ಹೋಗಬೇಕು. ನೇರವಾಗಿ ಸಾಹೇಬರ ಕೋಣೆಗೆ ಹೋಗಿ, ಅದು ನನ್ನ ಸೋದರಮಾವನ ಕಟ್ಟಡ ಎಂದು ಹೇಳಿದೆ.

"ಹೇಳಿದ್ದು ಛಲೋ ಆತು" ಎಂದರು ಅವರು. "ಇವತ್ತಿನಿಂದ ಡೊಂಬಿವಲಿ ಕೆಲಸಕ್ಕ ಕೈ ಹಚ್ಚಬ್ಯಾಡ್ರಿ. ಆ ಓಣಿಯೊಳಗ ಚಾ ಕುಡೀಲಿಕ್ಕೂ ಹೋಗಬ್ಯಾಡ್ರಿ. ಮಂದಿ ನೋಡ್ತಿರ್ತಾರ."

ಹೋಗಲಿಲ್ಲ. ಸ್ಟೇಷನ್ನಿಗೆ ಹೋಗುವಾಗಲೂ ಸುತ್ತು ಹಾಕಿ ಬೇರೆ ದಾರಿ ಹಿಡಿಯತೊಡಗಿದೆ. ಮಾವನ ಫೋನುಗಳಿಗೆ ಹ್ಞೂ, ಹ್ಞಾಂ ಎನ್ನುತ್ತ, ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುತ್ತಿದ್ದೆ. ಒಮ್ಮೆ ಮಾಮಿಯೇ ಫೋನ್ ಮಾಡಿದರು. "ಊಟಕ್ಕೂ ಬರುದಿಲ್ಲ ಅಂತ ಮಾಡಿದ್ದಿಯಾ? ನಾವೆಂತ ಮಾಡಿದ್ದು ನಿಂಗೆ?" ಫೋನ್ ಇಟ್ಟ ಮೇಲೆ ಎಷ್ಟೋ ಹೊತ್ತು ಬಾಲ್ಕನಿಯಲ್ಲಿ ನಿಂತಿದ್ದೆ. ರಸ್ತೆ ಬೇಕೇ ಬೇಕು ಎಂದಾದರೆ ಬರಲಿ, ಯಾರದಾದರೂ ಕಟ್ಟಡ ಹೋಗಲೇಬೇಕಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಯೋಜನೆಯನ್ನು ಒಪ್ಪಿಸುವ ಮೊದಲು ಕಚೇರಿಯವರೆಲ್ಲ ಕುಳಿತು ತಪ್ಪು ಹುಡುಕುವುದು ನಮ್ಮಲ್ಲಿ ರೂಢಿ. ಡೊಂಬಿವಲಿಯದು ತೋರಿಸುವ ದಿನ ನಾನು ಹಿಂದಿನ ಕುರ್ಚಿಯಲ್ಲಿ ಬಾಯಿ ಮುಚ್ಚಿ ಕುಳಿತಿದ್ದೆ. ಸ್ನೇಹಲ್ ಪರದೆಯ ಮೇಲೆ ಒಂದು ದಪ್ಪ ಕೆಂಪು ಬಾಣ ತೋರಿಸಿದಳು. ಬೆಳಗಿನ ಹೊತ್ತು ಡೊಂಬಿವಲಿಯಲ್ಲಿ ಯಾವ ದಿಕ್ಕಿನ ರೈಲಿಗೆ ಎಷ್ಟು ಜನ ಹತ್ತುತ್ತಾರೆ ಎಂಬುದರ ಚಿತ್ರ ಅದು.

"ದೇಖಿಯೇ ಸರ್, ಸುಬಹ್ ಮೇ ಇತ್ನಾ ಪಬ್ಲಿಕ್ ಕಲ್ಯಾಣ್ ಜಾತಾ ಹೈ. ಸಬ್ ಕೋ ಬಸ್ ಮಿಲೇಗಾ ತೋ ಟ್ರೇನ್ ಖಾಲಿ ಹೋ ಜಾಯೇಗಾ" ಎಂದಳು. ಇಷ್ಟು ಜನ ಕಲ್ಯಾಣಕ್ಕೆ ಹೋಗುವುದಾದರೆ ಬಸ್ ಕೊಟ್ಟರೆ ರೈಲಿನ ಗದ್ದಲ ಇಳಿಯುತ್ತದೆ ಎಂಬುದು ಅವಳ ತರ್ಕ. ತರ್ಕದಲ್ಲಿ ಏನೂ ತಪ್ಪಿಲ್ಲ.

ತಪ್ಪು ಇದ್ದದ್ದು ಬಾಣದಲ್ಲಿ. ಆ ಜನ ಕಲ್ಯಾಣಕ್ಕೆ ಹೋಗುವುದೇ ಇಲ್ಲ.

ಹೊರಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಕಲ್ಯಾಣದಿಂದ ಮುಂಬಯಿಗೆ ಹೊರಡುವ ಲೋಕಲ್ ಡೊಂಬಿವಲಿಗೆ ಬರುವಷ್ಟರಲ್ಲಿ ಸೀಟುಗಳೆಲ್ಲ ತುಂಬಿರುತ್ತವೆ. ಕಾಲಿಡಲೂ ಜಾಗ ಇರುವುದಿಲ್ಲ. ಹಾಗಾಗಿ ಡೊಂಬಿವಲಿಯವರು ಬೆಳಗ್ಗೆ ಉಲ್ಟಾ ದಿಕ್ಕಿನ, ಕಲ್ಯಾಣಕ್ಕೆ ಹೋಗುವ ಗಾಡಿ ಹತ್ತಿ ಸೀಟು ಹಿಡಿಯುತ್ತಾರೆ. ಕಲ್ಯಾಣದಲ್ಲಿ ಇಳಿಯುವುದಿಲ್ಲ. ಅದೇ ಗಾಡಿ ತಿರುಗಿ ಮುಂಬಯಿಗೆ ಹೊರಟಾಗ ಕುಳಿತಲ್ಲೇ ಕುಳಿತು, ತಾವು ಹತ್ತಿದ ಡೊಂಬಿವಲಿಯನ್ನು ಕಿಟಕಿಯಿಂದ ನೋಡುತ್ತ ಮುಂದೆ ಹೋಗುತ್ತಾರೆ. ಇದಕ್ಕೆ ನಾವು 'ರಿಟರ್ನ್ ಹೋಗುವುದು' ಎನ್ನುತ್ತೇವೆ. ಪಾಸನ್ನು ಕೂಡ ಕಲ್ಯಾಣದಿಂದಲೇ ತೆಗೆಸುವವರಿದ್ದಾರೆ. ನಾನೂ ಎಷ್ಟೋ ವರ್ಷ ಹೀಗೆಯೇ ಹೋದವನು. ಪರ ಊರಿನ ಕಂಪನಿಯವರಿಗೆ ಇದು ಹೊಳೆಯಲು ಸಾಧ್ಯವಿಲ್ಲ. ಸ್ನೇಹಲ್‌ಗೂ ಹೊಳೆಯಲಿಲ್ಲ. ಅವಳ ಗಾಡಿ ಪಕ್ಕದ ಪನ್ವೇಲಿನಿಂದಲೇ ಹೊರಡುವುದು, ಸೀಟಿನ ಬರ ಅವಳಿಗೆ ಗೊತ್ತಿಲ್ಲ.

ಎಂದರೆ ಕಲ್ಯಾಣಕ್ಕೆ ಹೋಗದ ಜನರಿಗಾಗಿ ಕಲ್ಯಾಣಕ್ಕೆ ಹೋಗುವ ಬಸ್ ನಿಲ್ದಾಣ ಕಟ್ಟಲು ನಾವು ಹೊರಟಿದ್ದೆವು, ಅದಕ್ಕಾಗಿ ನನ್ನ ಮಾವನ ಮನೆ ಕೆಡವಲಿದ್ದೆವು.

ಬಾಯಿ ತೆರೆಯಬೇಕು ಎಂದುಕೊಂಡೆ. ಆಗಲಿಲ್ಲ. ಕೋಣೆಯಲ್ಲಿದ್ದ ಎಲ್ಲರಿಗೂ ಆ ಹೋಟೆಲು ಯಾರದೆಂದು ಗೊತ್ತಿತ್ತು. ನಾನು ಏನೇ ಹೇಳಿದರೂ ಅದು ಮಾವನಿಗಾಗಿ ಹೇಳಿದ ಮಾತೇ ಆಗುತ್ತಿತ್ತು. ಇನ್ನೊಂದು ಸಂಗತಿಯೂ ಅದೇ ಕ್ಷಣಕ್ಕೆ ಹೊಳೆದು ನನ್ನನ್ನು ಕುಗ್ಗಿಸಿತು. ಇಲ್ಲಿ ರಸ್ತೆ ಬೇಡವಾದರೆ ಬೇಕಾದದ್ದು ಎಲ್ಲಿ ಎಂಬುದೂ ನನಗೆ ಗೊತ್ತಿತ್ತು. ಸ್ಟೇಷನ್ನಿನ ಮುಂಬಯಿ ಕಡೆಯ ತುದಿಯ ಗಲ್ಲಿಯಲ್ಲಿ. ಸಂಜೆ ಗಾಡಿಗಳು ಬಂದಾಗ ಊರಿಗೆ ಊರೇ ಆ ಇಕ್ಕಟ್ಟಿನೊಳಗೆ ಇಳಿಯುತ್ತದೆ. ಎದುರಿನಿಂದ ರಿಕ್ಷಾ ಬಂದರೆ ಜನ ಗೋಡೆಗೆ ಒತ್ತಿಕೊಂಡು ನಿಲ್ಲಬೇಕು. ಅಲ್ಲೇ ನಾವು ಲೇಲೆ ಕಾಕೂ ಎನ್ನುವ ಮರಾಠಿಯವರ ಪೋಳಿ-ಭಾಜಿಯ, ಎಂದರೆ ಚಪಾತಿ-ಪಲ್ಯದ, ಅಂಗಡಿ. ಗಂಡ ತೀರಿಕೊಂಡ ಮೇಲೆ ಅದರಲ್ಲೇ ಬದುಕಿದ ಹೆಂಗಸು. ಕೆಲಸದಿಂದ ಬರುವಾಗ ನನ್ನ ಹೆಂಡತಿ ಅಲ್ಲಿಂದ ಬಿಸಿ ಪೋಳಿ ಕಟ್ಟಿಸಿಕೊಂಡು ಬರುತ್ತಿದ್ದಳು. ಗಲ್ಲಿ ಅಗಲವಾದರೆ ಆ ಅಂಗಡಿ ಹೋಗಲೇಬೇಕು.

ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗಲೂ ಆಗದು ಉಗುಳಲೂ ಆಗದು. ಸಭೆ ಮುಗಿಯಿತು. ಎಲ್ಲರೂ ಹೋದ ಮೇಲೆ ಸಾಹೇಬರ ಕೋಣೆಗೆ ಹೋಗಿ ಹೇಳಿಯೇಬಿಟ್ಟೆ. ಸುಮ್ಮನಿದ್ದರೆ ಊರಿಗೆ ಒಂದು ಬೇಡದ ರಸ್ತೆ ಬರುತ್ತಿತ್ತು, ಬೇಕಾದ ಗಲ್ಲಿಯಲ್ಲಿ ಒಂದು ದಿನ ಯಾರೋ ಜನರ ಕಾಲ ಕೆಳಗೆ ಸಿಗುತ್ತಿದ್ದರು. ಅದನ್ನು ಗೊತ್ತಿದ್ದೂ ಹೊತ್ತುಕೊಂಡು ತಿರುಗುವುದು ನನ್ನಿಂದ ಆಗದು ಅನ್ನಿಸಿತು.

"ಖರೇ ಇರಬಹುದು" ಎಂದರು ಸಾಹೇಬರು. "ಆದ್ರ ನಿಮ್ಮ ಬಾಯಿಂದ ಬಂದ್ರ ಖರೇನೂ ಸುಳ್ಳ ಆಗ್ತದ. ನಾಳೆ ಮುಂಜಾನೆ ನಾನ ಬಂದು ನೋಡ್ತೀನಿ. ನೀವೂ ಬರ್ರಿ, ಆದ್ರ ಒಂದ ಮಾತೂ ಆಡಬ್ಯಾಡ್ರಿ. ಯಾರಿಗೂ ಸನ್ನಿ ಸೈತ ಮಾಡಬ್ಯಾಡ್ರಿ."

ಮರುದಿನ ಬೆಳಗ್ಗೆ ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ಸಾಹೇಬರು, ಸ್ನೇಹಲ್, ನಾನು. ಕಲ್ಯಾಣದ ಗಾಡಿ ನಿಲ್ಲುವ ಮೊದಲೇ ಜನ ಒಳಗೆ ಹಾರಿದರು. ಸ್ನೇಹಲ್ ಹೆಂಗಸರ ಡಬ್ಬಿ ಹತ್ತಿದಳು. ಸಾಹೇಬರನ್ನು ಜನರೇ ಎತ್ತಿ ಒಳಗೆ ಹಾಕಿದರು ಎನ್ನಬೇಕು. ಅವರ ಕನ್ನಡಕ ಓರೆಯಾಗಿತ್ತು. ನಾನು ಅವರಿಂದ ದೂರ, ಎದುರು ಬಾಗಿಲ ಹತ್ತಿರ ನಿಂತೆ. ಕುಳಿತವರು ಆಗಲೇ ಕಣ್ಣು ಮುಚ್ಚಿದ್ದರು.

ನಡುವೆ ಠಾಕುರ್ಲಿ ಬಂದು ಹೋಯಿತು. ಕಲ್ಯಾಣ ಹತ್ತಿರವಾಯಿತು. ನಾನು ಹೇಳಿದ್ದು ನಿಜ ಎಂದು ನನಗೆ ಗೊತ್ತು. ಆದರೂ ಇವತ್ತೊಂದು ದಿನ ಇವರೆಲ್ಲ ಎದ್ದು ಇಳಿದುಬಿಟ್ಟರೆ? ಸಾಹೇಬರ ಕಣ್ಣಿನಲ್ಲಿ ನಾನು ಮಾವನ ಹೋಟೆಲು ಉಳಿಸಲು ಕಥೆ ಕಟ್ಟಿದವನಾಗುತ್ತಿದ್ದೆ. ಅಷ್ಟರಲ್ಲಿ ಒಂದು ದೊಡ್ಡ ಗುಂಪು ಸೀಟು ಬಿಟ್ಟು ಎದ್ದು ಬಾಗಿಲಿಗೆ ಬಂತು. ಸಾಹೇಬರು ತಲೆಗಳ ಮೇಲಿಂದ ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

ಗಾಡಿ ನಿಂತಿತು, ಗುಂಪು ಇಳಿದು ಓಡಿತು. ಸಾಹೇಬರೂ ಇಳಿದು ಅವರ ಹಿಂದೆಯೇ ಸೇತುವೆ ಹತ್ತಿದರು. ವಯಸ್ಸಾದ ಮನುಷ್ಯ, ಏದುಸಿರು ಬಿಡುತ್ತ ಕಂಬಿ ಹಿಡಿದು ಹತ್ತುತ್ತಿದ್ದರು. ನಾನು ಹಿಂದೆ ಹಿಂದೆ. ಗುಂಪು ಸೇತುವೆಯ ಮೇಲೆ ನೇರ ಹೋದರೆ ಊರೊಳಗೆ ಹೋದಂತೆ, ಅಲ್ಲಿಗೆ ನನ್ನ ಮಾತು ಸುಳ್ಳಾದಂತೆ. ಅವರು ನೇರ ಹೋಗಲಿಲ್ಲ. ನಡುವೆ ತಿರುಗಿ, ಕಲ್ಯಾಣದಿಂದಲೇ ಹೊರಡುವ ಮುಂಬಯಿಯ ಫಾಸ್ಟ್ ಗಾಡಿ ನಿಂತಿದ್ದ ಪ್ಲಾಟ್‌ಫಾರ್ಮಿಗೆ ದಡದಡ ಇಳಿದರು.

ಸಾಹೇಬರು ಒಬ್ಬನ ತೋಳು ಹಿಡಿದೇ ಬಿಟ್ಟರು. "ಭಾಯಿಸಾಬ್, ಆಪ್ ಕಲ್ಯಾಣ್ ಮೇ ಕಾಮ್ ನಹೀ ಕರ್ತೇ?"

"ಕಲ್ಯಾಣ್ ಮೇ?" ಅವನು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಹಮ್ ದಾದರ್ ವಾಲೇ ಹೈ ಅಂಕಲ್. ಸೀಟ್ ಕೇ ಲಿಯೇ ಆಯೇ. ಛೋಡಿಯೇ, ಸೀಟ್ ಜಾಯೇಗಾ." ದಾದರಿಗೆ ಹೋಗುವವನಂತೆ, ಸೀಟಿಗಾಗಿಯೇ ಇಲ್ಲಿಯವರೆಗೆ ಬಂದವನಂತೆ.

ಅಷ್ಟರಲ್ಲಿ ಸ್ನೇಹಲ್ ಫೋನ್ ಮಾಡಿದಳು. ಸಾಹೇಬರು ಫೋನನ್ನು ಜೋರಾಗಿಸಿದರು. "ಸರ್, ಲೇಡೀಸ್ ಮೇ ತೋ ಕೋಯೀ ಉಠಾ ಹೀ ನಹೀ. ಗಾಡಿ ವಾಪಸ್ ಡೊಂಬಿವಲಿ ಜಾ ರಹೀ ಹೈ. ಮುಝೇ ವಿಂಡೋ ಮಿಲ್ ಗಯಾ." ಯಾರೂ ಏಳಲೇ ಇಲ್ಲ, ಗಾಡಿ ತಿರುಗಿ ಹೊರಟಿದೆ, ತನಗೆ ಕಿಟಕಿಯ ಸೀಟೇ ಸಿಕ್ಕಿತು ಎನ್ನುವಾಗ ಅವಳ ಧ್ವನಿಯಲ್ಲಿ ನಗುವಿತ್ತು, ನಾಚಿಕೆಯೂ ಇತ್ತು.

ಸಾಹೇಬರು ಬೆಂಚಿನ ಮೇಲೆ ಕುಳಿತು ಬೆವರು ಒರೆಸಿಕೊಂಡರು. "ಏನ ಮಂದಿರೀ ಇವರು" ಎಂದರು. "ಮುಂದ ಹೋಗಲಿಕ್ಕ ದಿನಾ ಹಿಂದ ಹೋಗ್ತಾರ." ನನ್ನ ಕಣ್ಣು ತುಂಬಿ ಬಂತು. ಸಾಹೇಬರು ಕಂಡರೂ ಕಾಣದಂತೆ ಕನ್ನಡಕ ಸರಿಮಾಡಿಕೊಂಡರು.

ಎಣಿಕೆ ಮತ್ತೆ ನಡೆಯಿತು. ಈ ಸಲ ಹತ್ತಿದವರನ್ನಷ್ಟೇ ಅಲ್ಲ, ಎಲ್ಲಿ ಇಳಿಯುತ್ತೀರಿ ಎಂದು ಕೇಳಿಯೂ ಬರೆದುಕೊಂಡರು. ಕೆಂಪು ಬಾಣ ಸಣಕಲಾಗಿ ತಿರುಗಿ ನಿಂತಿತು. ಕಲ್ಯಾಣದ ಬಸ್ ನಿಲ್ದಾಣ ನಕ್ಷೆಯಿಂದ ಹೋಯಿತು. ಮುಂಬಯಿ ಕಡೆಯ ಗಲ್ಲಿಯನ್ನು ಅಗಲ ಮಾಡುವ ಗೆರೆ ಬಂತು. ಆ ಗೆರೆ ಎಳೆದವನು ನಾನಲ್ಲ, ಆದರೆ ಅದು ಎಲ್ಲಿ ಬರುತ್ತದೆಂದು ನನಗೆ ಎಲ್ಲರಿಗಿಂತ ಮೊದಲೇ ಗೊತ್ತಿತ್ತು.

ಊರಿನವರ ಅಭಿಪ್ರಾಯ ಕೇಳುವ ಸಭೆ ಒಂದು ಮದುವೆ ಹಾಲಿನಲ್ಲಿ ಸೇರಿತು. ವಿಠಲ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿ ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಲೇಲೆ ಕಾಕೂ ಬಾಗಿಲ ಬಳಿ. ಸಾಹೇಬರು ನಕ್ಷೆ ತೋರಿಸಿ, ಮೊದಲ ಎಣಿಕೆ ಯಾಕೆ ತಪ್ಪಿತು ಎಂದು ಹೇಳಿದಾಗ ಹಾಲಿನಲ್ಲಿ ನಗೆ ಎದ್ದಿತು. ಅಲ್ಲಿದ್ದವರೆಲ್ಲ ದಿನಾ ರಿಟರ್ನ್ ಹೋಗುವವರೇ. ನಗೆ ಇಳಿಯುವ ಮೊದಲೇ ಗಲ್ಲಿಯ ಅಂಗಡಿಯವನೊಬ್ಬ ಎದ್ದು ನಿಂತ. "ಆಪ್ ಕೇ ಆಫೀಸ್ ಕೇ ರಾವ್ ಸಾಬ್ ಕೇ ಮಾಮಾ ಕಾ ಹೋಟೆಲ್ ಬಚ್ ಗಯಾ, ಹಮಾರಾ ದುಕಾನ್ ಗಯಾ. ಯಹೀ ಹೈ ನಾ ಹಿಸಾಬ್?" ರಾವ್ ಎಂದರೆ ನಾನೇ; ನನ್ನ ಮಾವನ ಹೋಟೆಲು ಉಳಿಯಿತು, ತಮ್ಮ ಅಂಗಡಿ ಹೋಯಿತು, ಲೆಕ್ಕ ಇಷ್ಟೇ ತಾನೇ ಎಂದು ಅವನ ಪ್ರಶ್ನೆ.

ಹಾಲಿನಲ್ಲಿದ್ದವರೆಲ್ಲ ತಿರುಗಿ ನನ್ನನ್ನು ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಕದಿಯದೆಯೇ ಮುಟ್ಟಿಕೊಳ್ಳುವಂತಾಯಿತು. ಇವರು ಈ ಕೆಲಸಕ್ಕೆ ಕೈ ಹಚ್ಚಿಲ್ಲ ಎಂದು ಸಾಹೇಬರು ಗುಡುಗಿದರು. ಎಲ್ಲ ನಿಜ. ಮುಂದಿನ ಸಾಲಿನಲ್ಲಿ ಮಾವ ಹಿಂದೆ ತಿರುಗಿ ನನಗೆ ಹೆಮ್ಮೆಯ ಒಂದು ನಗೆ ಬೀರದಿದ್ದರೆ ಒಂದಿಬ್ಬರಾದರೂ ಅದನ್ನು ನಂಬುತ್ತಿದ್ದರೇನೋ.

ಸಭೆ ಮುಗಿದ ಮೇಲೆ ಮೆಟ್ಟಿಲ ಬಳಿ ಕಾಕೂ ಸಿಕ್ಕಿದರು. ನಾನೇ ಹೋಗಿ ಮಾತಾಡಿಸಿದೆ. ತಪ್ಪು ಕಂಡದ್ದು ನನಗೇ, ಹೇಳಿದ್ದೂ ನಾನೇ ಎಂದು ಮುಚ್ಚಿಡದೆ ಹೇಳಿದೆ. ಗಲ್ಲಿ ಇಕ್ಕಟ್ಟೆಂದು ತಮಗೂ ಗೊತ್ತು, ಸಂಜೆ ಹೆಂಗಸರು ಬೀಳುವುದನ್ನು ತಾವೇ ಕಂಡದ್ದುಂಟು ಎಂದರು ಕಾಕೂ. ಆಮೇಲೆ ಸೀರೆಯ ಸೆರಗು ಸರಿಮಾಡಿಕೊಂಡು, "ಪಣ ತೂ ಸಾಂಗಾಯಲಾ ನಕೋ ಹೋತಂಸ್, ಸುಧಾಕರ" ಎಂದರು. ಆದರೆ ಅದನ್ನು ನೀನು ಹೇಳಬಾರದಿತ್ತು. ಗಲಾಟೆ ಮಾಡಲಿಲ್ಲ, ಅಳಲಿಲ್ಲ. ಅವರಿಗೆ ದೂರದ ಮಾರ್ಕೆಟ್ಟಿನಲ್ಲಿ ಬದಲಿ ಜಾಗ ಸಿಕ್ಕಿತು. ಸ್ಟೇಷನ್ನಿನಿಂದ ಮನೆಗೆ ಓಡುವ ಹೆಂಗಸರು ಅಷ್ಟು ದೂರ ಪೋಳಿಗಾಗಿ ಹೋಗುವುದಿಲ್ಲ ಎಂದು ಸಾರಿಗೆ ಯೋಜನೆ ಓದದವರಿಗೂ ಗೊತ್ತು.

ಯೋಜನೆ ಮಂಜೂರಾದ ಮೇಲಿನ ಭಾನುವಾರ ಮಾವ ನನ್ನನ್ನು ಹೋಟೆಲಿಗೆ ಕರೆಸಿದರು. ಸಾಹೇಬರ ನಿಷೇಧ ಮುಗಿದಿತ್ತು, ಮಾಮಿಯ ಕೈಯ ಊಟ ಮಾಡಿ ಎಷ್ಟೋ ಕಾಲವಾಗಿತ್ತು. ಆಸೆಯಿಂದಲೇ ಹೋದೆ. ಹೋಗಿ ನೋಡಿದರೆ ಕನ್ನಡ ಸಂಘದ ನಾಲ್ಕಾರು ಹಿರಿಯರು, ಗಿರಾಕಿಗಳು, ಮೇಜಿನ ಮೇಲೆ ಹರಿವಾಣದಲ್ಲಿ ಹಣ್ಣು, ಶಾಲು, ಏಲಕ್ಕಿ ಹಾರ. ಮುಂಬಯಿ ಕನ್ನಡಿಗರಲ್ಲಿ ಸನ್ಮಾನಕ್ಕೆ ಶಾಲು ಸದಾ ಸಿದ್ಧವಿರುತ್ತದೆ, ಹೆಗಲು ಸಿಗುವುದೊಂದು ಬಾಕಿ. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಮಾವ ಶಾಲು ಹೊದಿಸಿಬಿಟ್ಟರು.

"ನಮ್ಮ ಸುಧಾಕರ ಇಲ್ದಿದ್ರೆ ಇವತ್ತು ಇಲ್ಲಿ ಬಸ್ ನಿಲ್ತಿತ್ತು" ಎಂದರು ಎಲ್ಲರಿಗೂ ಕೇಳುವಂತೆ. "ಅನ್ನದ ಋಣ ಮರೀಲಿಲ್ಲ ನಮ್ಮ ಹುಡುಗ."

"ಮಾವ, ನಾನು ನಿಮಗಾಗಿ ಮಾಡಿದ್ದಲ್ಲ. ಲೆಕ್ಕ ತಪ್ಪಿತ್ತು, ಹೇಳಿದೆ. ಅಷ್ಟೇ."

"ಗೊತ್ತುಂಟು ಮಾರಾಯ, ಹಾಗೆಯೇ ಹೇಳ್ಬೇಕು" ಎಂದು ಮಾವ ಹಿರಿಯರ ಕಡೆ ಕಣ್ಣು ಮಿಟುಕಿಸಿದರು. ಎಲ್ಲರೂ ನಕ್ಕರು.

ನನಗೆ ಸಿಟ್ಟು ಬಂತು. ಇಷ್ಟು ದಿನ ಒಳಗೇ ಕುದಿಯುತ್ತಿದ್ದದ್ದೆಲ್ಲ ಒಮ್ಮೆಗೇ ಮೇಲೆ ಬಂತು. ಶಾಲು ತೆಗೆದು ಕುರ್ಚಿಯ ಮೇಲೆ ಇಟ್ಟು ಹೇಳಿದೆ, "ಕೇಳಿ ಮಾವ. ಆ ಲೆಕ್ಕ ಸರಿ ಇದ್ದಿದ್ರೆ, ಜನ ನಿಜವಾಗಿಯೂ ಕಲ್ಯಾಣಕ್ಕೆ ಹೋಗುವವರೇ ಆಗಿದ್ದಿದ್ರೆ, ನಿಮ್ಮ ಅಡುಗೆಮನೆಯ ಮೇಲಿಂದಲೇ ಗೆರೆ ಎಳೀರಿ ಅಂತ ನಾನೇ ಹೇಳ್ತಿದ್ದೆ."

ಮಾವ ಇನ್ನೂ ಜೋರಾಗಿ ನಕ್ಕರು. "ಎಂತ ತಮಾಷೆ ಮಾಡ್ತಾನೆ ನೋಡಿ ಇವ."

ಮಾಮಿ ಅಡುಗೆಮನೆಯ ಬಾಗಿಲಲ್ಲಿ ನನಗೆಂದು ಕಾಫಿ ಹಿಡಿದು ನಿಂತಿದ್ದರು. ಅವರು ನಗಲಿಲ್ಲ. ಹತ್ತಿರ ಬಂದು ಲೋಟವನ್ನು ನನ್ನ ಮುಂದೆ ಇಟ್ಟು, ನನ್ನ ಮುಖ ನೋಡಿದರು.

"ತಮಾಷೆ ಅಲ್ಲ" ಎಂದರು ಮಾವನಿಗೆ, ನಿಧಾನಕ್ಕೆ. "ಇವ ಹೇಳ್ತಿದ್ದ. ಹೇಳಿಯೇ ಹೇಳ್ತಿದ್ದ."

ಅಷ್ಟು ಹೇಳಿ ಒಳಗೆ ಹೋದರು. ಇಡೀ ಊರಿನಲ್ಲಿ ನನ್ನ ಮಾತು ನಂಬಿದವರು ಅವರೊಬ್ಬರೇ. ಅಂದು ಊಟ ಬಡಿಸಲು ಬೇರೆಯವರು ಬಂದರು. ನಾನು ಹೊರಡುತ್ತೇನೆಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಎರಡು ಸಲ ಕರೆದೆ, ಮಾಮಿ ಒಲೆಯ ಮುಂದಿನಿಂದ ತಿರುಗಲಿಲ್ಲ.